ಕೆಲಸದ ಜಾಗದಲ್ಲಿ ಟಾರ್ಚರ್ ಕೊಡ್ತಿದ್ರೆ ಏನ್ ಮಾಡ್ಬೇಕು: ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದೋರಿಗೆಲ್ಲ ಸೂಜಿ ರಿಜಿಸ್ಟರ್ ಗೊತ್ತಿರತ್ತೆ. ಮಷಿನ್‌ನಲ್ಲಿ ಸೂಜಿ ಮುರಿದ್ರೆ ಸುಮ್ನೆ ಹೊಸದು ಕೊಡಲ್ಲ, ಮುರಿದಿರೋ ತುಂಡೆಲ್ಲ ಹುಡುಕ್ಬೇಕು, ಸಿಗ್ಲಿಲ್ಲ ಅಂದ್ರೆ ಅಯಸ್ಕಾಂತ ತಂದು ನೆಲ ಎಲ್ಲ ಆಡಿಸ್ತಾರೆ, ಸಿಕ್ಕಿದ ತುಂಡನ್ನ ಟೇಪ್ ಹಾಕಿ ರಿಜಿಸ್ಟರಲ್ಲಿ ಅಂಟಿಸಿ, ತಾರೀಕು, ಟೈಮು, ಲೈನ್ ನಂಬರ್, ಮಷಿನ್ ನಂಬರ್, ಟೈಲರ್ ಹೆಸರು ಬರೆದು ಸೈನ್ ಆದ್ಮೇಲೇನೆ ಹೊಸ ಸೂಜಿ. ಯಾಕಂದ್ರೆ ಆ ಚೂರು ಬಟ್ಟೆಯಲ್ಲೇ ಉಳ್ಕೊಂಡು ಫಾರಿನ್ನಲ್ಲಿ ಯಾವ್ದೋ ಮಗುಗೆ ಚುಚ್ಚಿದ್ರೆ ಇಡೀ ಆರ್ಡರ್ರೇ ವಾಪಸ್ ಬರತ್ತೆ. ಅದೇ ಲೈನಲ್ಲಿ ಸೂಪರ್‌ವೈಸರ್ ಬಂದು, ಇಬ್ರು ಮಕ್ಕಳ ತಾಯಿಗೆ, "ಏನೇ, ಕೈ ಬಿದ್ದೋಗಿದ್ಯಾ ನಿಂಗೆ" ಅಂತ ಅಷ್ಟೂ ಜನದ ಮುಂದೆ ಕೂಗಿ ಪೀಸನ್ನ ಮುಖಕ್ಕೆ ಎಸೆದು ಹೋದ್ರೆ ಅದಕ್ಕೆ ರಿಜಿಸ್ಟರೇ ಇಲ್ಲ. ಆ ತಾಯಿ ಕೆಳಗೆ ಬಿದ್ದ ಪೀಸ್ ಎತ್ಕೊಂಡು ಕಣ್ಣು ಒರೆಸ್ಕೊಂಡು ಮತ್ತೆ ಪೆಡಲ್ ಒತ್ತುತಾಳೆ, ಅಷ್ಟೇ.

ನಾನು ಹದಿಮೂರು ವರ್ಷ ಟೈಲರ್ ಆಗಿ ಕೆಲಸ ಮಾಡ್ದೋಳು, ಈಗ ಕೆಲಸ ಬಿಟ್ಟು ನಮ್ಮ ಏರಿಯಾದ ಹೆಣ್ಣುಮಕ್ಕಳ ಜೊತೆ ದೂರು ಬರೆಯೋಕೆ, ಲೇಬರ್ ಆಫೀಸಿಗೆ, ಆಸ್ಪತ್ರೆಗೆ ಹೋಗೋಕೆ ಓಡಾಡ್ತೀನಿ. ಈ ಓಡಾಟದಲ್ಲಿ ನಂಗೆ ಗೊತ್ತಾಗಿದ್ದು ಒಂದೇ ಮಾತು. ಸೂಜಿ ಚೂರನ್ನ ಹೇಗೆ ಹುಡುಕಿ ಬರೆದಿಡ್ತಾರೋ ಹಾಗೇ ನಿಮ್ಮ ಮೇಲೆ ಆಗಿರೋದನ್ನ ನೀವೇ ಬರೆದಿಡ್ಬೇಕು, ಅದೇ ದಿನ, ಇಲ್ಲಾಂದ್ರೆ ಮುಂದೆ ಯಾವ ಬಾಗಿಲಿಗೆ ಹೋದ್ರೂ "ಪ್ರೂಫ್ ಏನಿದೆಮ್ಮ" ಅಂತ ಕೇಳಿ ವಾಪಸ್ ಕಳಿಸ್ತಾರೆ. ಕೆಳಗೆ ಬರೆದಿರೋದೆಲ್ಲ ಆ ಮಾತಿನ ಸುತ್ತಾನೇ ಇದೆ. ಗಾರ್ಮೆಂಟ್ಸ್ ಅಲ್ದೆ ಹೌಸ್‌ಕೀಪಿಂಗ್, ಪ್ಯಾಕಿಂಗ್, ಅಂಗಡಿ, ಕಾಲ್ ಸೆಂಟರ್ ಎಲ್ಲಿ ಕೆಲಸ ಮಾಡೋರಿಗೂ ಇದ್ರಲ್ಲಿ ಮುಕ್ಕಾಲು ಭಾಗ ಉಪಯೋಗಕ್ಕೆ ಬರತ್ತೆ. ಕಟಿಂಗ್, ಐರನಿಂಗಲ್ಲಿ ಇರೋ ಗಂಡುಮಕ್ಳಿಗೂ ಬೈಗುಳ ಏನು ಕಮ್ಮಿ ಇಲ್ಲ, ಅವರೂ ಓದ್ಕೊಳ್ಳಿ.

ಹೆಜ್ಜೆ 1: ಅದಕ್ಕೆ ಸರಿಯಾದ ಹೆಸರು ಇಡಿ

ನಮ್ಮೋರು ಎಲ್ಲದಕ್ಕೂ "ಟಾರ್ಚರ್ ಕೊಡ್ತಾನೆ" ಅಂತ ಒಂದೇ ಪದ ಹೇಳ್ತಾರೆ. ಮನೇಲಿ ಹೇಳೋಕೆ ಅಷ್ಟು ಸಾಕು, ದೂರಿಗೆ ಸಾಲಲ್ಲ. ಯಾಕಂದ್ರೆ ಒಂದೊಂದಕ್ಕೆ ಒಂದೊಂದು ದಾರಿ ಇದೆ.

ಒಂದಿನ ಶಿಪ್‌ಮೆಂಟ್ ಇತ್ತು, ಟೆನ್ಷನ್‌ನಲ್ಲಿ ಒಂದು ಮಾತು ಜೋರಾಗಿ ಅಂದ್ರು, ಅದು ತಪ್ಪೇ ಆದ್ರೂ ಅದೊಂದೇ ಕಿರುಕುಳ ಆಗಲ್ಲ. ಆದ್ರೆ ದಿನಾ ನಿಮ್ಮನ್ನೇ ಹಿಡ್ಕೊಂಡು ಏಕವಚನದಲ್ಲಿ ಬೈಯೋದು, ಎಲ್ಲರ ಮುಂದೆ ಲೈನ್ ಪಕ್ಕ ನಿಲ್ಲಿಸೋದು, ಟಾಯ್ಲೆಟ್ಟಿಗೆ ಬಿಡ್ದೇ ಇರೋದು, ಗೊತ್ತಿಲ್ದೇ ಇರೋ ಆಪರೇಷನ್ (ಹೊಲಿಗೆಯಲ್ಲಿ ಒಬ್ಬೊಬ್ರಿಗೆ ಕೊಡೋ ಒಂದೊಂದು ಭಾಗದ ಕೆಲಸ) ಕೊಟ್ಟು ಟಾರ್ಗೆಟ್ ಬರ್ಲಿಲ್ಲ ಅಂತ ಅವಮಾನ ಮಾಡೋದು, ರಜಾ ಕೇಳಿದ್ರೆ "ರಿಸೈನ್ ಬರೆದುಕೊಟ್ಟು ಹೋಗು" ಅನ್ನೋದು, ಇದು ಕಿರುಕುಳ. 1980ರ ದಶಕದಲ್ಲಿ ಸ್ವೀಡನ್‌ನಲ್ಲಿ ಹೈನ್ಸ್ ಲೇಮನ್ ಅನ್ನೋ ಮನಃಶಾಸ್ತ್ರಜ್ಞ ಇದನ್ನ ಮೊದಲು ಕೂತು ಅಧ್ಯಯನ ಮಾಡಿದೋರಲ್ಲಿ ಒಬ್ರು, ಅವರು ಇಟ್ಟ ಅಳತೆ ಏನಪ್ಪಾ ಅಂದ್ರೆ ವಾರಕ್ಕೆ ಕನಿಷ್ಠ ಒಂದು ಸಲ, ಆರು ತಿಂಗಳಿಂದ. ನಮ್ಮ ಫ್ಲೋರಲ್ಲಿ ದಿನಕ್ಕೆ ನಾಲ್ಕು ಸಲ ಆಗೋದನ್ನ ನಾವು "ಕೆಲಸ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಅಂತ ಬಿಟ್ಬಿಡ್ತೀವಿ.

ಎರಡನೇದು ಲೈಂಗಿಕ ಕಿರುಕುಳ. ಮೈ ಮುಟ್ಟೋದು ಮಾತ್ರ ಅಲ್ಲ, ಡಬಲ್ ಮೀನಿಂಗ್ ಮಾತು, ಮೈ ಬಗ್ಗೆ ಕಾಮೆಂಟ್, ರಾತ್ರಿ ಫೋನ್ ಮಾಡೋದು, ಅಸಹ್ಯ ವಿಡಿಯೋ ತೋರ್ಸೋದು, "ನನ್ ಮಾತು ಕೇಳಿದ್ರೆ ಈಜಿ ಆಪರೇಷನ್ ಹಾಕ್ತೀನಿ" ಅನ್ನೋದು, ಎಲ್ಲ ಸೇರತ್ತೆ. ಮೂರನೇದು ಹೊಡೆಯೋದು, ತಳ್ಳೋದು, ರೂಮಲ್ಲಿ ಕೂಡಿ ಹಾಕೋದು, ಜೀವ ಬೆದರಿಕೆ. ನಾಲ್ಕನೇದು ಜಾತಿ ಹಿಡಿದು ಬೈಯೋದು. ನಿಮ್ಗೆ ಆಗ್ತಿರೋದು ಇದ್ರಲ್ಲಿ ಯಾವ್ದು, ಎರಡು ಮೂರು ಒಟ್ಟಿಗೆ ಇದ್ಯಾ ಅಂತ ಯೋಚ್ನೆ ಮಾಡಿ. ಜಾಸ್ತಿ ಸಲ ಒಟ್ಟಿಗೇ ಇರತ್ತೆ.

ಹೆಜ್ಜೆ 2: ಮೈ ಏನ್ ಹೇಳ್ತಿದೆ ಕೇಳಿ

ಇದನ್ನ ನಾವು ತುಂಬಾ ಲೇಟಾಗಿ ಮಾಡ್ತೀವಿ. ನನ್ನ ವಿಷ್ಯನೇ ಹೇಳ್ತೀನಿ. ಆ ಫ್ಯಾಕ್ಟ್ರಿ ಹೆಸರು ಬೇಡ, ಅಲ್ಲೊಬ್ಬ ಫ್ಲೋರ್ ಇನ್‌ಚಾರ್ಜ್ ಇದ್ದ, ಅವನ ಶೂ ಸೌಂಡ್ ಕೇಳಿದ್ರೆ ಸಾಕು ನನ್ನ ಹೊಟ್ಟೆ ಒಳಗೆ ತಿರುಚಿದಂಗೆ ಆಗೋದು. ಭಾನುವಾರ ಸಂಜೆ ಆಯ್ತು ಅಂದ್ರೆ ತಲೆನೋವು ಶುರು. ಬೆಳಗ್ಗೆ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ, ಮಕ್ಳ ಮೇಲೆ ಸುಮ್ ಸುಮ್ನೆ ಕೈ ಎತ್ತೋದು. ಗ್ಯಾಸ್ಟ್ರಿಕ್ ಅಂದ್ಕೊಂಡು ಎರಡು ವರ್ಷ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದ್ದೀನಿ. ಕೆಲಸ ಬಿಟ್ಟು ಒಂದು ತಿಂಗಳಾದ್ಮೇಲೆ ಮಾತ್ರೆ ಇಲ್ದೇನೆ ಅದು ಹೋಯ್ತು, ಆಗ ನಂಗೆ ಅರ್ಥ ಆಗಿದ್ದು.

ಒಳಗೆ ಆಗೋದು ಇಷ್ಟೇ. ಬೈಯೋನು ಬರ್ತಿದ್ದಾನೆ ಅಂದ ತಕ್ಷಣ ಮೈ ಅದನ್ನ ನಾಯಿ ಅಟ್ಟಿಸ್ಕೊಂಡು ಬಂದಂಗೆ ಅಪಾಯ ಅಂತಾನೇ ತಗೊಳತ್ತೆ, ಎದೆ ಬಡಿತ ಏರತ್ತೆ, ಬಿಪಿ ಏರತ್ತೆ, ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನ್‌ಗಳು ರಕ್ತಕ್ಕೆ ಸೇರ್ತವೆ. ನಾಯಿ ಆದ್ರೆ ಓಡಿ ಹೋಗ್ಬೋದು, ಸ್ವಲ್ಪ ಹೊತ್ತಲ್ಲಿ ಮೈ ತಣ್ಣಗಾಗತ್ತೆ. ಮಷಿನ್ ಮುಂದೆ ಕೂತೋಳು ಎಲ್ಲಿಗೆ ಓಡ್ತಾಳೆ. ದಿನಾ ಎಂಟು ಒಂಬತ್ತು ಗಂಟೆ, ವರ್ಷಗಟ್ಲೆ ಹೀಗೆ ಏರಿದ್ದು ಇಳಿಯೋಕೆ ಟೈಮೇ ಸಿಗ್ದಿದ್ರೆ ನಿದ್ದೆ ಕೆಡತ್ತೆ, ಮುಟ್ಟು ಹಿಂದೆ ಮುಂದೆ ಆಗ್ಬೋದು, ಹಸಿವು ಹೋಗತ್ತೆ, ಮನಸ್ಸು ಮಂಕಾಗತ್ತೆ, ಕೊನೆಗೆ ಹೃದಯಕ್ಕೂ ಪೆಟ್ಟು. ಇದು ನನ್ನ ಮಾತಲ್ಲ, ಡೆನ್ಮಾರ್ಕ್, ಸ್ವೀಡನ್ ದೇಶದ 79,000ಕ್ಕೂ ಹೆಚ್ಚು ಕೆಲಸಗಾರರನ್ನ ವರ್ಷಗಟ್ಲೆ ಗಮನಿಸಿದ ಅಧ್ಯಯನ 2018ರಲ್ಲಿ ಬಂತು, ಕೆಲಸದಲ್ಲಿ ಕಿರುಕುಳ ಅನುಭವಿಸಿದೋರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆ ಬರೋ ಸಾಧ್ಯತೆ ಉಳಿದೋರಿಗಿಂತ 59% ಜಾಸ್ತಿ ಕಂಡುಬಂತು, ಹೊಡೆತ ಅಥವಾ ಬೆದರಿಕೆ ಅನುಭವಿಸಿದೋರಿಗೆ 25% ಜಾಸ್ತಿ. ಅಂದ್ರೆ ದಿನಾ ತಿನ್ನೋ ಅವಮಾನಾನೂ ಎದೆಗೆ ನಾಟತ್ತೆ, ನಾವು ಬಾಯಲ್ಲಿ ಹೇಳೋದು ನಿಜಾನೇ.

ನಮ್ಮ ಕಡೆ ಇನ್ನೊಂದಿದೆ. ಟಾಯ್ಲೆಟ್ಟಿಗೆ ಹೋದ್ರೆ ಬೈತಾರೆ ಅಂತ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಬಾಟಲ್ ತುಂಬ್ಕೊಂಡು ಬಂದಿದ್ದು ಸಂಜೆ ಹಾಗೇ ವಾಪಸ್. ಉರಿಮೂತ್ರ, ಯೂರಿನ್ ಇನ್ಫೆಕ್ಷನ್ ಪದೇ ಪದೇ ಬರತ್ತೆ. ಇದೂ ಕಿರುಕುಳದಿಂದ ಬಂದ ಕಾಯಿಲೆನೇ, ಇದನ್ನೂ ಬರೆದಿಡಿ.

ಒಂದು ಮಾತು ನಡುವೆ ನಿಲ್ಲಿಸಿ ಹೇಳ್ತೀನಿ. ಸತ್ತೋಗ್ಬಿಡೋಣ ಅಂತ ಒಂದು ಸಲ ಮನಸ್ಸಿಗೆ ಬಂದಿದ್ರೂ ಮುಂದಿನ ಹೆಜ್ಜೆ ಎಲ್ಲ ಪಕ್ಕಕ್ಕಿಡಿ, ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿ ಹಗಲು ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ನಮ್ಮ ನಿಮ್ಹಾನ್ಸ್‌ನೋರೇ ಅದಕ್ಕೆ ಮುಖ್ಯ ಕೇಂದ್ರ. ಮನೇಲಿ ಒಬ್ಬರಿಗಾದ್ರೂ ಹೇಳಿ, ಒಬ್ರೇ ಇರ್ಬೇಡಿ. ಆ ಕೆಲಸ ಹೋದ್ರೆ ಹೋಗ್ಲಿ.

ಹೆಜ್ಜೆ 3: ನಿಮ್ದೇ ಒಂದು ರಿಜಿಸ್ಟರ್

ಇದೇ ಮುಖ್ಯ, ಇದನ್ನ ನಿಧಾನವಾಗಿ ಓದಿ.

ಹತ್ತು ರೂಪಾಯಿದು ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ, ಹಾಳೆ ಹೊಲಿದಿರೋದು, ಕಿತ್ತು ತೆಗೆಯೋ ಥರದ್ದು ಬೇಡ, ಯಾಕಂದ್ರೆ ಆಮೇಲೆ ಹಾಳೆ ಸೇರಿಸಿದ್ದೀಯ ಅಂತಾರೆ. ಫ್ಯಾಕ್ಟ್ರಿ ಒಳಗೆ ಇಟ್ಕೋಬೇಡಿ, ಮನೇಲಿ ಅಕ್ಕಿ ಡಬ್ಬದ ಹಿಂದೆನೋ ದೇವರ ಫೋಟೋ ಹಿಂದೆನೋ ಇರ್ಲಿ. ದಿನಾ ಸಂಜೆ ಮನೆಗೆ ಬಂದು ಒಲೆ ಹಚ್ಚೋಕ್ ಮುಂಚೆ ಐದು ನಿಮಿಷ. ಸೂಜಿ ರಿಜಿಸ್ಟರ್ ನೆನಪಿಸ್ಕೊಳ್ಳಿ: ತಾರೀಕು, ಟೈಮು, ಎಷ್ಟನೇ ಫ್ಲೋರು, ಎಷ್ಟನೇ ಲೈನು, ಯಾರು, ಏನ್ ಮಾಡಿದ್ರು, ಏನ್ ಅಂದ್ರು, ಪಕ್ಕದಲ್ಲಿ ಯಾರಿದ್ರು, ಆಮೇಲೆ ನಿಮ್ಗೆ ಏನಾಯ್ತು.

ಏನ್ ಅಂದ್ರು ಅನ್ನೋದನ್ನ ಅವರ ಬಾಯಿಂದ ಬಂದ ಹಾಗೇ ಬರೀರಿ. ಇಲ್ಲೇ ನಮ್ಮ ಹೆಣ್ಣುಮಕ್ಳು ಸೋಲೋದು, ನಾಚ್ಕೊಂಡು "ಕೆಟ್ಟದಾಗಿ ಬೈದರು" ಅಂತ ಬರೀತಾರೆ. ಕೆಟ್ಟದಾಗಿ ಅಂದ್ರೆ ಏನು ಅಂತ ನಾಳೆ ಎನ್‌ಕ್ವೈರಿಯಲ್ಲಿ ಕೇಳಿದಾಗ ಮೂರು ತಿಂಗಳ ಹಿಂದಿನ ಮಾತು ನೆನಪಿಗೆ ಬರಲ್ಲ, ಒಂದ್ ಸಲ ಒಂದ್ ಥರ ಇನ್ನೊಂದ್ ಸಲ ಇನ್ನೊಂದ್ ಥರ ಹೇಳ್ತೀರಿ, ಸುಳ್ಳು ಹೇಳ್ತಾಳೆ ಅಂತ ಬರ್ಕೋತಾರೆ. ಆ ಹೊಲಸು ಅವರ ಬಾಯಿದು, ನಿಮ್ ಬಾಯಿದಲ್ಲ. ಹಾಗೇ ಬರೀರಿ.

ನಿಮ್ಗೆ ಏನಾಯ್ತು ಅನ್ನೋದನ್ನೂ ಬಿಡ್ಬೇಡಿ: "ಕೈ ನಡುಗಿತು, ಸೂಜಿ ಬೆರಳಿಗೆ ಚುಚ್ಚಿತು, ಊಟ ಮಾಡಲಿಲ್ಲ, ರಾತ್ರಿ ನಿದ್ದೆ ಬರಲಿಲ್ಲ." ಕಿರುಕುಳಕ್ಕೂ ಕಾಯಿಲೆಗೂ ಸಂಬಂಧ ಇದೆ ಅಂತ ತೋರ್ಸೋದು ಇದೇ ಸಾಲು.

ಗೇಟಲ್ಲಿ ಫೋನ್ ಇಸ್ಕೊಳ್ಳೋ ಕಡೆ ರೆಕಾರ್ಡಿಂಗ್ ಎಲ್ಲ ಆಗಲ್ಲ. ಆದ್ರೆ ಸಂಜೆ ಫೋನ್ ಕೈಗೆ ಬಂದ ತಕ್ಷಣ ಬಸ್ ಸ್ಟಾಪಲ್ಲಿ ನಿಂತ್ಕೊಂಡು ತಂಗಿಗೋ ಫ್ರೆಂಡಿಗೋ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕಿ, ಇವತ್ತು ಹಿಂಗಾಯ್ತು ಅಂತ. ತಾರೀಕು ಟೈಮು ತಾನೇ ಬೀಳತ್ತೆ. ಡಿಲೀಟ್ ಮಾಡ್ಬೇಡಿ, ಫೋನ್ ಬದಲಾಯಿಸೋವಾಗ ಬ್ಯಾಕಪ್ ತಗೊಳ್ಳಿ. ಅವರು ಕಳಿಸಿದ ಮೆಸೇಜು, ರಾತ್ರಿ ಮಾಡಿದ ಮಿಸ್ ಕಾಲ್, ಎಲ್ಲ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ರ ಫೋನಿಗೂ ಕಳಿಸಿಡಿ.

ಬರೆಯೋಕೆ ಬರಲ್ಲ ಅನ್ನೋರಿಗೆ ನಮ್ಮ ಲೈನಲ್ಲಿದ್ದ ಒಬ್ರು ಅಕ್ಕನ ಕಥೆ ಹೇಳ್ತೀನಿ, ಹೆಸರು ಬೇಡ, ಕನಕಪುರ ಕಡೆಯೋರು, ವಯಸ್ಸು ಐವತ್ತರ ಹತ್ರ. ಮಗನ ವಯಸ್ಸಿನ ಸೂಪರ್‌ವೈಸರ್ ಅವರನ್ನ "ಲೇ ಮುದುಕಿ" ಅಂತಾನೇ ಕರೀತಿದ್ದ, ಬಂಡಲ್ ಬಿಚ್ಚೋದು ಸ್ವಲ್ಪ ಲೇಟಾದ್ರೆ ಕತ್ತರಿ ಹಿಡಿಯಲ್ಲಿ ಟೇಬಲ್ ಕುಟ್ಟೋನು, ಒಂದಿನ ಭುಜಕ್ಕೇ ಹೊಡ್ದ. ಅಕ್ಕಂಗೆ ಹೆಸರು ಬರೆಯೋಕೆ ಬಿಟ್ರೆ ಬೇರೆ ಅಕ್ಷರ ಬರ್ತಿರ್ಲಿಲ್ಲ. ಮನೆ ಗೋಡೆ ಮೇಲೆ ಹಾಲಿನ ಲೆಕ್ಕ ಹಾಕೋ ಕ್ಯಾಲೆಂಡರ್ ಇತ್ತು, ಅದ್ರಲ್ಲಿ ಹಾಲು ತಗೊಂಡ ದಿನಕ್ಕೆ ಒಂದು ಗೀಟು ಹಾಕೋರು, ಅದ್ರ ಪಕ್ಕಾನೇ ಬೈದ ದಿನಕ್ಕೆ ಒಂದು ಸೊನ್ನೆ, ಕೈ ಮಾಡಿದ ದಿನಕ್ಕೆ ಸೊನ್ನೆ ಒಳಗೆ ಚುಕ್ಕಿ, ಇಎಸ್‌ಐ ಆಸ್ಪತ್ರೆಗೆ ಹೋದ ದಿನಕ್ಕೆ ಪ್ಲಸ್ ಗುರ್ತು. ಏಳು ತಿಂಗಳದ್ದು. ಮಗಳು ಕೂತು ಒಂದೊಂದು ಗುರ್ತಿಗೆ ಅಮ್ಮನ ಕೇಳಿ ಬರ್ಕೊಂಡ್ಳು. ಆ ಕ್ಯಾಲೆಂಡರ್ ಮುಂದೆ ಇಟ್ಟಾಗ ಎಚ್‌ಆರ್ ಮೇಡಂ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಹೆಜ್ಜೆ 4: ಡಾಕ್ಟ್ರಿಗೆ ಪೂರ್ತಿ ಹೇಳಿ

ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗಿದ್ರೆ ಎಲ್ಲೂ ದಾಖಲೆ ಇರಲ್ಲ. ಸಂಬಳದಲ್ಲಿ ಪ್ರತಿ ತಿಂಗಳು 0.75% ಇಎಸ್‌ಐಗೆ, ಅಂದ್ರೆ ಕೆಲಸಗಾರರ ಸರ್ಕಾರಿ ವಿಮೆಗೆ ಕಟ್ ಆಗ್ತಿದೆ, ಅದು ನಿಮ್ ದುಡ್ಡು, ಡಿಸ್ಪೆನ್ಸರಿಗೆ ಹೋಗಿ, ದೊಡ್ಡದಾದ್ರೆ ರಾಜಾಜಿನಗರ, ಪೀಣ್ಯ ಇಎಸ್‌ಐ ಆಸ್ಪತ್ರೆಗೆ. ಕ್ಯೂ ಇರತ್ತೆ, ಅರ್ಧ ದಿನ ಹೋಗತ್ತೆ, ಗೊತ್ತು. ಆದ್ರೂ ಹೋಗಿ.

ಹೋಗಿ "ತಲೆನೋವು ಸಾರ್" ಅಂತ ಮಾತ್ರ ಹೇಳಿ ಬರ್ಬೇಡಿ. "ಕೆಲಸದಲ್ಲಿ ದಿನಾ ಬೈತಾರೆ ಹೊಡೀತಾರೆ, ಇಷ್ಟು ತಿಂಗಳಿಂದ ನಿದ್ದೆ ಇಲ್ಲ, ಎದೆ ಬಡ್ಕೊಳತ್ತೆ, ಟಾಯ್ಲೆಟ್ಟಿಗೆ ಬಿಡಲ್ಲ, ಅದಕ್ಕೆ ನೀರು ಕುಡಿಯಲ್ಲ" ಅಂತ ಹೇಳಿ, ಅದನ್ನ ಚೀಟಿಯಲ್ಲಿ ಬರೀರಿ ಅಂತ ಕೇಳಿ. ಕೆಲವು ಡಾಕ್ಟ್ರು ಬರೆಯೋಕೆ ಹಿಂದೇಟು ಹಾಕ್ತಾರೆ, ನಿಜ ಏನು ಅಂತ ಅವರು ತೀರ್ಪು ಕೊಡ್ಬೇಕಾಗಿಲ್ಲ, "ರೋಗಿ ಹೀಗೆ ಹೇಳ್ತಾರೆ" ಅಂತ ಬರೆದ್ರೆ ಸಾಕು. ಬಿಪಿ ನೋಡ್ಸಿ, ಶುಗರ್ ನೋಡ್ಸಿ, ನಂಬರ್ ಚೀಟಿ ಮೇಲೆ ಇರ್ಲಿ. ಹೊಡೆದಿದ್ರೆ ಗಾಯ ಮಾಯೋಕ್ ಮುಂಚೆ, ಅದೇ ದಿನ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗೋ ಗಾಯದ ದಾಖಲೆ) ಮಾಡಿ ಅಂತ ಕೇಳಿ, ಕಂದಿದ ಜಾಗದ ಫೋಟೋ ತೆಗೆದಿಡಿ.

ರೆಸ್ಟ್ ಬೇಕು ಅಂತ ಡಾಕ್ಟ್ರು ಸರ್ಟಿಫಿಕೇಟ್ ಕೊಟ್ರೆ ಇಎಸ್‌ಐನಿಂದ ದಿನದ ಸಂಬಳದ 70% ದುಡ್ಡು ಬರತ್ತೆ, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ಕಾಂಟ್ರಿಬ್ಯೂಷನ್ ಕಟ್ಟಿರ್ಬೇಕು, ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಮನಸ್ಸಿನ ಡಾಕ್ಟ್ರ ಹತ್ರ ಹೋಗೋಕೆ ನಾಚ್ಕೊಬೇಡಿ, ಜನ ಏನಂತಾರೋ ಅಂತ ಎರಡು ವರ್ಷ ತಳ್ಳಿದೋರನ್ನ ನೋಡಿದ್ದೀನಿ, ಎರಡು ತಿಂಗಳಲ್ಲಿ ಸರಿ ಹೋಗೋದು ಅವರಿಗೆ ವರ್ಷಗಟ್ಲೆ ಹಿಡೀತು.

ಹೆಜ್ಜೆ 5: ಒಬ್ರೇ ಹೋಗ್ಬೇಡಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಬಿಟ್ಟ ಸಮೀಕ್ಷೆ ಪ್ರಕಾರ ಜಗತ್ತಲ್ಲಿ ಕೆಲಸ ಮಾಡೋ ಐದು ಜನರಲ್ಲಿ ಒಬ್ರಿಗಿಂತ ಜಾಸ್ತಿ ಜನ ಕೆಲಸದಲ್ಲಿ ಹಿಂಸೆ, ಕಿರುಕುಳ ಅನುಭವಿಸಿದ್ದಾರೆ, ಅವರಲ್ಲಿ ಹತ್ರ ಹತ್ರ ಅರ್ಧ ಜನ ಅದನ್ನ ಯಾರಿಗೂ ಹೇಳೇ ಇಲ್ಲ. ನಿಮ್ಮ ಲೈನಲ್ಲೂ ಅದೇ ಲೆಕ್ಕ. ನಿಮ್ಮನ್ನ ಬೈಯೋನು ಇನ್ನೂ ಮೂರ್ನಾಲ್ಕು ಜನಕ್ಕೆ ಬೈತಾನೆ, ಅವರೂ ನಿಮ್ಮ ಥರಾನೇ ನಂಗೊಬ್ಳಿಗೇ ಅಂದ್ಕೊಂಡಿರ್ತಾರೆ. ಊಟದ ಟೈಮಲ್ಲಿ ಬುತ್ತಿ ಬಿಚ್ಚಿದಾಗ ಮೆಲ್ಲಗೆ ಕೇಳಿ, ಒತ್ತಾಯ ಮಾಡ್ಬೇಡಿ. ಸೈನ್ ಹಾಕೋಕೆ ಹೆದರೋರು "ಕೇಳಿದ್ರೆ ನಿಜ ಹೇಳ್ತೀನಿ" ಅಂದ್ರೂ ದೊಡ್ಡದು. ಮೂರು ಜನ ಒಂದೇ ದೂರಿಗೆ ಸೈನ್ ಹಾಕಿದ್ರೆ ಒಬ್ಬಳನ್ನ ಹೊರಗೆ ಹಾಕೋದು ಅಷ್ಟು ಸುಲಭ ಅಲ್ಲ.

ನಾವು ಸೇರಿದ್ರೆ ಏನಾಗತ್ತೆ ಅನ್ನೋದಕ್ಕೆ 2016ರ ಏಪ್ರಿಲ್ ಸಾಕು. ಪಿಎಫ್ ದುಡ್ಡು ತೆಗೆಯೋ ರೂಲ್ಸ್ ಬದಲಾಯಿಸಿದ್ರು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಳು ಸಾವಿರಾರು ಜನ ಹೊಸೂರು ರೋಡು, ತುಮಕೂರು ರೋಡಿಗೆ ಇಳಿದ್ರು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಆ ರೂಲ್ಸ್ ವಾಪಸ್ ತಗೊಳ್ತು. ಯೂನಿಯನ್ ಇದ್ರೆ ಅಲ್ಲಿಗೆ ಹೋಗಿ. ನಮ್ಮಲ್ಲಿ ಗಾರ್ಮೆಂಟ್ ಲೇಬರ್ ಯೂನಿಯನ್, ಗಾಟ್‌ವು, ಕೂಗು ಅಂತ ಇದಾವೆ, ಫ್ಯಾಕ್ಟ್ರಿ ಒಳಗೆ ಯೂನಿಯನ್ ಇಲ್ದಿದ್ರೂ ಹೊರಗಿಂದ ಸಹಾಯ ಮಾಡ್ತಾರೆ.

ಪಕ್ಕದ ತಮಿಳುನಾಡಲ್ಲಿ ಇಂಥ ಕಿರುಕುಳ ಒಂದು ಜೀವಾನೇ ತಗೊಳ್ತು. 2021ರ ಜನವರಿಯಲ್ಲಿ ದಿಂಡಿಗಲ್ ಹತ್ರ ಇಪ್ಪತ್ತು ವರ್ಷದ ದಲಿತ ಹುಡುಗಿಯೊಬ್ಬಳು ತನ್ನ ಫ್ಯಾಕ್ಟ್ರಿಯ ಸೂಪರ್‌ವೈಸರ್ ಕೈಯಲ್ಲೇ ಸತ್ಲು. ಆಮೇಲೆ ಅಲ್ಲಿನ ಹೆಣ್ಣುಮಕ್ಳ ಯೂನಿಯನ್ ಬಿಡ್ದೇ ಹೋರಾಡಿ 2022ರ ಏಪ್ರಿಲ್‌ನಲ್ಲಿ ಕಂಪನಿ ಜೊತೆ ದಿಂಡಿಗಲ್ ಒಪ್ಪಂದ ಮಾಡಿಸ್ಕೊಂಡ್ರು, ಬಟ್ಟೆ ತಗೊಳ್ಳೋ ಬ್ರ್ಯಾಂಡೂ ಅದಕ್ಕೆ ಕಟ್ಟುಬಿತ್ತು. ಕೆಲಸ ಮಾಡೋ ಹೆಣ್ಣುಮಕ್ಳಿಗೇ ಟ್ರೈನಿಂಗ್ ಕೊಟ್ಟು ಫ್ಲೋರಲ್ಲಿ ಕಿರುಕುಳ ಆಗ್ತಿದ್ಯಾ ಅಂತ ನೋಡೋಕೆ ಬಿಟ್ರು. ಬೈಗುಳ ಬೈಗುಳವಾಗಿರೋವಾಗಲೇ ಹಿಡಿಯೋಕೆ ಅದು ಒಳ್ಳೇ ದಾರಿ ಅಂತ ನಂಗನ್ಸತ್ತೆ. ನಮ್ಮ ಫ್ಯಾಕ್ಟ್ರಿಗಳಲ್ಲೂ ಬರ್ಬೇಕು.

ಹೆಜ್ಜೆ 6: ಯಾವ ಬಾಗಿಲು ತಟ್ಟೋದು

ನಮ್ಮ ದೇಶದಲ್ಲಿ ಬರೀ ಬೈಗುಳ, ಅವಮಾನಕ್ಕೆ ಅಂತಾನೇ ಒಂದು ಪ್ರತ್ಯೇಕ ಕಾನೂನು ಇಲ್ಲ, ಅದು ದೊಡ್ಡ ಕೊರತೆ. ಆದ್ರೆ ದಾರಿನೇ ಇಲ್ಲ ಅಂತಲ್ಲ.

ಬೈಗುಳ, ಟಾರ್ಗೆಟ್ ಟಾರ್ಚರ್, ಟಾಯ್ಲೆಟ್ ತಡೆಯೋದು ಇದಕ್ಕೆಲ್ಲ ಮೊದಲು ಫ್ಯಾಕ್ಟ್ರಿ ಒಳಗಿನ ಕುಂದುಕೊರತೆ ಕಮಿಟಿ. 20 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ರೆ ಇರ್ಬೇಕು. 100 ಅಥವಾ ಜಾಸ್ತಿ ಜನ ಇರೋ ಕಡೆ ಕೆಲಸಗಾರರು, ಮ್ಯಾನೇಜ್‌ಮೆಂಟ್ ಇಬ್ರೂ ಕೂರೋ ವರ್ಕ್ಸ್ ಕಮಿಟಿ. ಕಾಗದದ ಮೇಲೆ ಎಲ್ಲ ಕಡೆ ಇರತ್ತೆ, ನೋಟಿಸ್ ಬೋರ್ಡಲ್ಲಿ ಹೆಸರು ನೋಡಿ, ಅದ್ರಲ್ಲಿ ನಿಮ್ಮನ್ನ ಬೈಯೋನ ಹೆಸರೇ ಇದ್ರೆ ಎಚ್‌ಆರ್‌ಗೆ ನೇರವಾಗಿ ಕೊಡಿ. ಅದೇ ಬೋರ್ಡಲ್ಲಿ ಬ್ರ್ಯಾಂಡಿನೋರ ಕಂಪ್ಲೇಂಟ್ ನಂಬರೂ ಇರ್ಬೋದು, ಫೋಟೋ ಆಗ್ದಿದ್ರೆ ಕೈಮೇಲೆ ಬರ್ಕೊಂಡ್ ಬನ್ನಿ. ನೀವು ಹೊಲಿಯೋ ಬಟ್ಟೆ ಲೇಬಲ್ ಯಾವ ಬ್ರ್ಯಾಂಡಿಂದು ಅಂತನೂ ಬರೆದಿಡಿ, ಯೂನಿಯನ್‌ನೋರಿಗೆ ಅದು ತುಂಬಾ ಉಪಯೋಗ. ಒಳಗೆ ಆಗ್ಲಿಲ್ಲ ಅಂದ್ರೆ ಲೇಬರ್ ಆಫೀಸು. ಹಳೇ ಕಾರ್ಮಿಕ ಕಾನೂನುಗಳು ಹೊಸ ಸಂಹಿತೆಗೆ ಬದಲಾಗಿರೋದ್ರಿಂದ ಸೆಕ್ಷನ್ ನಂಬರಿಗೆ ತಲೆ ಕೆಡಿಸ್ಕೋಬೇಡಿ, ನಡೆದಿದ್ದನ್ನ ಸರಿಯಾಗಿ ಬರೀರಿ.

ಲೈಂಗಿಕ ಕಿರುಕುಳಕ್ಕೆ 2013ರ ಕಾನೂನಿದೆ, ಎಲ್ಲರೂ ಪಾಶ್ ಅಂತಾರೆ. 10 ಅಥವಾ ಜಾಸ್ತಿ ಜನ ಕೆಲಸ ಮಾಡೋ ಕಡೆ ಆಂತರಿಕ ಕಮಿಟಿ ಇರ್ಲೇಬೇಕು, ಮಾಡ್ದಿದ್ರೆ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಅಧ್ಯಕ್ಷೆ ಹಿರಿಯ ಸ್ಥಾನದಲ್ಲಿರೋ ಹೆಣ್ಣೇ ಆಗಿರ್ಬೇಕು, ಕನಿಷ್ಠ ಅರ್ಧ ಜನ ಹೆಣ್ಣುಮಕ್ಳು, ಹೊರಗಿನೋರು ಒಬ್ರು ಇರ್ಬೇಕು. ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆ, ಇಲ್ಲ ಮಾಲೀಕನೇ ಕಿರುಕುಳ ಕೊಟ್ಟಿದ್ರೆ, ಜಿಲ್ಲೆಯ ಸ್ಥಳೀಯ ಕಮಿಟಿಗೆ ಹೋಗಿ. ಕೊನೇ ಘಟನೆ ಆಗಿ ಮೂರು ತಿಂಗಳೊಳಗೆ ದೂರು ಕೊಡ್ಬೇಕು, ತಡ ಆಗಿದ್ದಕ್ಕೆ ಸರಿಯಾದ ಕಾರಣ ಇದ್ರೆ ಇನ್ನೂ ಮೂರು ತಿಂಗಳು ಕೊಡ್ಬೋದು. ನೆನಪಿರ್ಲಿ, ಈ ಮೂರು ತಿಂಗಳು ಕಳೆದುಹೋಗೋದೇ ಜಾಸ್ತಿ. ಆರು ಕಾಪಿ ಕೇಳ್ತಾರೆ. ಬರೆಯೋಕೆ ಬರ್ದಿದ್ರೆ ಕಮಿಟಿಯೋರೇ ಬರೆಯೋಕೆ ಸಹಾಯ ಮಾಡ್ಬೇಕು ಅಂತ ಕಾನೂನಲ್ಲೇ ಇದೆ. ಆನ್‌ಲೈನಲ್ಲಿ ಶೀ ಬಾಕ್ಸ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ಲೂ ಇದೆ.

ಹೊಡೆದಿದ್ರೆ, ಕೂಡಿ ಹಾಕಿದ್ರೆ, ಬೆದರಿಕೆ ಹಾಕಿದ್ರೆ, ಮೈ ಮುಟ್ಟಿದ್ರೆ ಪೊಲೀಸ್, 112. ಕಮಿಟಿಗೆ ಕೊಟ್ಟ ಮೇಲೆ ಪೊಲೀಸ್‌ಗೆ ಹೋಗಂಗಿಲ್ಲ ಅಂತ ಎಚ್‌ಆರ್‌ನೋರು ಹೇಳಿದ್ರೆ ನಂಬ್ಬೇಡಿ, ಎರಡೂ ಮಾಡ್ಬೋದು. ನಮ್ಮ ಲಿಮಿಟ್ ಅಲ್ಲ ಅಂತ ಸ್ಟೇಷನ್‌ನಲ್ಲಿ ಹೇಳಿದ್ರೆ ಝೀರೋ ಎಫ್‌ಐಆರ್ ಮಾಡಿ ಅಂತ ಕೇಳಿ, ಯಾವ ಸ್ಟೇಷನ್‌ನಲ್ಲಾದ್ರೂ ತಗೋಬೇಕು. ಜಾತಿ ಹಿಡಿದು ನಾಲ್ಕು ಜನದ ಮುಂದೆ ಬೈದಿದ್ರೆ, ನೀವು ಎಸ್‌ಸಿ ಅಥವಾ ಎಸ್‌ಟಿ ಆಗಿದ್ರೆ, 1989ರ ದೌರ್ಜನ್ಯ ತಡೆ ಕಾಯ್ದೆ ಹಾಕಿ ಅಂತ ದೂರಲ್ಲೇ ಬರೀರಿ, ಆ ಮಾತನ್ನ ಹಾಗೇ ಬರೀರಿ.

ವಕೀಲರಿಗೆ ದುಡ್ಡಿಲ್ಲ ಅಂತ ಕೂರ್ಬೇಡಿ. ಹೆಣ್ಣುಮಕ್ಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗತ್ತೆ, ನಂಬರ್ 15100. ಮಹಿಳಾ ಸಹಾಯವಾಣಿ 181.

ಹೆಜ್ಜೆ 7: ದೂರು ಬರೆಯೋದು

ಉದ್ದ ಬೇಡ. ಒಂದೂವರೆ ಪೇಜು. ಅಳು ಬರತ್ತೆ, ಕಥೆ ಥರ ಬರೀತಾ ಹೋಗ್ತೀವಿ, ಓದೋನು ಎರಡನೇ ಪ್ಯಾರಾಗೆ ನಿಲ್ಲಿಸ್ತಾನೆ. ನಾನು ಬರೆಸೋದು ಹೀಗೆ:

"ನಾನು ಎರಡನೇ ಫ್ಲೋರ್ 6ನೇ ಲೈನ್‌ನಲ್ಲಿ ಟೈಲರ್ ಆಗಿ 4 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಾರ್ಚ್ 3ರಂದು ಬೆಳಿಗ್ಗೆ 11 ಗಂಟೆ ಸುಮಾರಿಗೆ ನಮ್ಮ ಲೈನ್ ಸೂಪರ್‌ವೈಸರ್ ನನ್ನ ಮಷಿನ್ ಹತ್ತಿರ ಬಂದು (ಆಡಿದ ಮಾತು ಹಾಗೇ) ಎಂದು ಹೇಳಿ ಪೀಸನ್ನು ನನ್ನ ಮುಖಕ್ಕೆ ಎಸೆದರು. ಆಗ ಪಕ್ಕದ ಮಷಿನ್‌ನಲ್ಲಿ ಇಬ್ಬರು ಇದ್ದರು. ಹೀಗೆ ಮಾರ್ಚ್ 7, 12, 19ರಂದೂ ನಡೆಯಿತು. ಇದರಿಂದ ನನಗೆ ನಿದ್ದೆ ಇಲ್ಲ, ಬಿಪಿ ಬಂದಿದೆ, ಇಎಸ್‌ಐ ಚೀಟಿ ಲಗತ್ತಿಸಿದ್ದೇನೆ. ವಿಚಾರಣೆ ಮಾಡಿ, ಅದು ಮುಗಿಯುವವರೆಗೆ ನನ್ನನ್ನು ಅವರ ಕೈಕೆಳಗೆ ಹಾಕಬೇಡಿ."

ಕೊನೇ ಸಾಲು ಬಿಡ್ಬೇಡಿ, ನಿಮ್ಗೆ ಏನು ಬೇಕು ಅಂತ ಕೇಳ್ಬೇಕು. ಪಾಶ್ ದೂರಾದ್ರೆ ವಿಚಾರಣೆ ಮುಗಿಯೋವರೆಗೆ ಬೇರೆ ಕಡೆ ಹಾಕೋಕೆ, ಇಲ್ಲ ಮೂರು ತಿಂಗಳವರೆಗೆ ರಜೆಗೆ ಬರವಣಿಗೆಯಲ್ಲಿ ಕೇಳ್ಬೋದು. ಒಂದು ಕಾಪಿ ಮೇಲೆ ಸೀಲು, ತಾರೀಕು, ಸೈನ್ ಹಾಕಿಸ್ಕೊಂಡು ನಿಮ್ ಹತ್ರ ಇಟ್ಕೊಳ್ಳಿ. ಹಾಕಲ್ಲ ಅಂದ್ರೆ ಜಗಳ ಆಡ್ಬೇಡಿ, ಸೀದಾ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ನೋಟ್‌ಬುಕ್ಕಲ್ಲಿ ಅಂಟಿಸಿ, ಸೂಜಿ ಚೂರು ಅಂಟಿಸ್ದಂಗೆ.

ಹೆಜ್ಜೆ 8: ಖಾಲಿ ಹಾಳೆಗೂ ರಿಸೈನ್‌ಗೂ ಸೈನ್ ಹಾಕ್ಬೇಡಿ

ದೂರು ಕೊಟ್ಟ ಎರಡನೇ ದಿನ ಕರೀತಾರೆ. ರೂಮಲ್ಲಿ ಮೂರ್ನಾಲ್ಕು ಜನ ಕೂತಿರ್ತಾರೆ, ಟೀ ಕೊಡ್ತಾರೆ, "ಯಾಕಮ್ಮ ಸುಮ್ನೆ ಮರ್ಯಾದೆ ಕಳ್ಕೋತೀಯ, ರಿಸೈನ್ ಕೊಡು, ಸೆಟ್ಲ್‌ಮೆಂಟ್ ಇವತ್ತೇ ಮಾಡ್ತೀವಿ" ಅಂತಾರೆ. ಐದು ವರ್ಷದ ಸರ್ವಿಸ್ ಹತ್ರ ಬಂದೋರಿಗೆ ಇದು ಇನ್ನೂ ಜಾಸ್ತಿ, ಯಾಕಂದ್ರೆ ಐದು ತುಂಬಿದ್ರೆ ಕೆಲಸ ಬಿಡೋವಾಗ ಗ್ರಾಚುಟಿ ದುಡ್ಡು ಕೊಡ್ಬೇಕು. "ಮನೇಲಿ ಕೇಳಿ ನಾಳೆ ಹೇಳ್ತೀನಿ ಸಾರ್" ಅಂತ ಎದ್ದು ಬನ್ನಿ, ಅಷ್ಟೇ ಸಾಕು, ವಾದ ಬೇಡ. ಬಲವಂತವಾಗಿ ಹಾಕಿಸ್ಕೊಂಡ್ರೆ ಅದೇ ದಿನ ಸಂಜೆ ಬರೀರಿ: ಒತ್ತಾಯದಿಂದ ಸಹಿ ಮಾಡಿಸಿದ್ದಾರೆ, ನಾನು ರಾಜೀನಾಮೆ ಕೊಟ್ಟಿಲ್ಲ, ನಾಳೆ ಕೆಲಸಕ್ಕೆ ಬರುತ್ತೇನೆ ಅಂತ. ಒಂದು ಫ್ಯಾಕ್ಟ್ರಿಗೆ, ಒಂದು ಲೇಬರ್ ಆಫೀಸರ್‌ಗೆ, ಸ್ಪೀಡ್ ಪೋಸ್ಟು. ಗೇಟಲ್ಲಿ ನಿಲ್ಲಿಸಿದ್ರೂ ಇದೇ, ಗೇಟ್ ಮುಂದೆ ನಿಂತ ಟೈಮು, ಸೆಕ್ಯೂರಿಟಿ ಏನಂದ ಅನ್ನೋದು ಬರೀರಿ. ಮೂರು ದಿನ ಮನೇಲಿ ಅಳ್ತಾ ಕೂತ್ರೆ ಕೆಲಸಕ್ಕೆ ಬರ್ಲಿಲ್ಲ, ತಾನೇ ಬಿಟ್ಟು ಹೋದ್ಲು ಅಂತ ಫೈಲ್ ಮಾಡ್ಕೋತಾರೆ.

ಹೆಜ್ಜೆ 9: ವಿಚಾರಣೆ ದಿನ ಮತ್ತೆ ಆಮೇಲೆ

ಪಾಶ್ ವಿಚಾರಣೆ 90 ದಿನದಲ್ಲಿ ಮುಗೀಬೇಕು, ಮುಗಿದು 10 ದಿನದಲ್ಲಿ ವರದಿ ನಿಮ್ಗೂ ಕೊಡ್ಬೇಕು, ಮಾಲೀಕ 60 ದಿನದಲ್ಲಿ ಕ್ರಮ ತಗೋಬೇಕು, ಒಪ್ಪಿಗೆ ಇಲ್ದಿದ್ರೆ 90 ದಿನದಲ್ಲಿ ಅಪೀಲು. ಕಮಿಟಿ ಮುಂದೆ ಯಾರ್ಗೂ ವಕೀಲರನ್ನ ಕರ್ಕೊಂಡು ಹೋಗಂಗಿಲ್ಲ, ಅವ್ನಿಗೂ ಇಲ್ಲ. ಸರಿಯಾದ ಕಾರಣ ಇಲ್ದೆ ಸತತ ಮೂರು ಸಲ ಹೋಗ್ದಿದ್ರೆ ನೋಟಿಸ್ ಕೊಟ್ಟು ಕೇಸ್ ಮುಗಿಸ್ಬೋದು, ಹುಷಾರಿಲ್ದಿದ್ರೆ ಚೀಟಿ ಕಳಿಸಿ. ರಾಜಿ ಮಾಡ್ಕೊಳ್ಳೋದು ನೀವು ಕೇಳಿದ್ರೆ ಮಾತ್ರ, ರಾಜಿಗೆ ದುಡ್ಡು ಕೊಡೋ ಹಾಗೇ ಇಲ್ಲ.

ಹಿಂದಿನ ರಾತ್ರಿ ನೋಟ್‌ಬುಕ್ ಒಂದು ಸಲ ಓದ್ಕೊಳ್ಳಿ. ಬೆಳಗ್ಗೆ ಏನಾದ್ರೂ ತಿಂದು ಹೋಗಿ, ಬಿಪಿ ಮಾತ್ರೆ ಮರೀಬೇಡಿ, ನೀರಿನ ಬಾಟಲ್ ಒಯ್ಯಿರಿ. ಕೇಳಿದ್ದಕ್ಕೆ ಮಾತ್ರ ಉತ್ತರ, ನೆನಪಿಲ್ದಿದ್ರೆ ನೆನಪಿಲ್ಲ ಅನ್ನಿ, ತಪ್ಪೇನಿಲ್ಲ. ನೀವು ಹೇಳಿದ್ದನ್ನ ಬರೆದು ಸೈನ್ ಹಾಕಿ ಅಂದಾಗ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ, ಇಂಗ್ಲಿಷಲ್ಲಿ ಬರೆದಿರೋದಕ್ಕೆ ತಿಳ್ಕೊಳ್ದೆ ಸೈನ್ ಬೇಡ. ಅಳು ಬಂದ್ರೆ ಅಳಿ, ಐದು ನಿಮಿಷ ಟೈಮ್ ಕೊಡಿ ಅಂತ ಕೇಳಿ.

ಕ್ಯಾಲೆಂಡರ್ ಅಕ್ಕನ ವಿಚಾರಣೆಯಲ್ಲಿ ಪಕ್ಕದ ಮಷಿನ್‌ನ ಇಬ್ರು ಬಂದು ಹೇಳಿದ್ರು, ಹಾಲು ಹಾಕೋ ಹುಡುಗನೂ ಬಂದು ನನ್ನ ಲೆಕ್ಕಾನೂ ಇದೇ ಕ್ಯಾಲೆಂಡರಲ್ಲೇ ಇರೋದು, ಆವತ್ತಿನ ಗುರ್ತು ಆವತ್ತೇ ಹಾಕಿದ್ದು ಅಂದ. ಸೂಪರ್‌ವೈಸರನ್ನ ಆ ಫ್ಲೋರಿಂದ ತೆಗೆದ್ರು. ಅಕ್ಕನ ಬಿಪಿ ಮಾತ್ರೆ ಇನ್ನೂ ನಡೀತಿದೆ, ಆದ್ರೆ ರಾತ್ರಿ ನಿದ್ದೆ ಬರತ್ತೆ ಅಂತಾರೆ.

ನಿಮ್ಮ ಪರ ಆದೇಶ ಬಂದ್ರೂ ನೋಟ್‌ಬುಕ್ ನಿಲ್ಲಿಸ್ಬೇಡಿ, ಇನ್ನೂ ಆರು ತಿಂಗಳು ಬರೀರಿ. ದೂರು ಕೊಟ್ಟೋಳು ಅಂತ ಕಷ್ಟದ ಆಪರೇಷನ್ ಹಾಕೋದು, ಓಟಿ ಕೊಡ್ದೇ ಇರೋದು, ಪಕ್ಕದಲ್ಲಿ ಯಾರೂ ಮಾತಾಡ್ದಂಗೆ ಮಾಡೋದು ನಿಧಾನಕ್ಕೆ ಶುರು ಆಗತ್ತೆ. ಅದನ್ನೂ ತಾರೀಕು ಹಾಕಿ ಬರೀರಿ, ಮೂರು ನಾಲ್ಕು ಸಲ ಆದ ತಕ್ಷಣ ಹಳೇ ದೂರಿನ ಕಾಪಿ ಜೊತೆಗಿಟ್ಟು ಇನ್ನೊಂದು ಪತ್ರ ಕೊಡಿ. ತಿಂಗಳಿಗೊಂದು ಸಲ ಇಎಸ್‌ಐಗೆ ಹೋಗಿ ಬಿಪಿ ನೋಡ್ಸ್ಕೊಂಡು ಆ ನಂಬರನ್ನೂ ಅದೇ ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಬರೀತಾ ಬನ್ನಿ.